ಅಪಘಾತ ಕೇಸುಗಳ ತನಿಖೆಗೆ ನಿಮ್ಮದೇ ಸಾಫ್ಟ್‌ವೇರ್ ಮಾಡಿಕೊಳ್ಳುವುದು ಹೇಗೆ

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಹಳೇ ಕೇಸಿನ ವರದಿ ತೆಗೆದುಕೊಳ್ಳಿ. ನೀವೇ ಬರೆದದ್ದಾದರೆ ಒಳ್ಳೆಯದು. ಕೆಂಪು ಪೆನ್ನು ಹಿಡಿದು ಒಂದೊಂದೇ ವಾಕ್ಯ ಓದಿ. ಇದು ನಿಮಗೆ ಹೇಗೆ ಗೊತ್ತಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಎಫ್‌ಐಆರ್‌ನಲ್ಲಿತ್ತಾ? ಪೊಲೀಸರು ಜಾಗ ನೋಡಿ ಬರೆದ ಸ್ಥಳ ಮಹಜರಿನಲ್ಲಿತ್ತಾ? ಆಸ್ಪತ್ರೆಯ ಮೆಮೊದಲ್ಲಿತ್ತಾ? ರಸ್ತೆ ಬದಿಯ ಟೀ ಅಂಗಡಿಯವರು ಹೇಳಿದ್ದಾ?

ಕೆಲವು ವಾಕ್ಯಗಳ ಪಕ್ಕ ಏನೂ ಬರೆಯಲು ಆಗುವುದಿಲ್ಲ. ಅವು ನಿಮ್ಮ ಅಂದಾಜುಗಳು. ಅಂದಾಜು ಮಾಡುವುದು ತನಿಖೆಯ ಭಾಗವೇ. ಆದರೆ ಅಂದಾಜು ಯಾವುದು, ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಅಂತ ಬೇರೆ ಬೇರೆಯಾಗಿ ಕಾಣಬೇಕು. ನೀವು ಮಾಡುವ ಸಾಫ್ಟ್‌ವೇರ್ ಮುಖ್ಯವಾಗಿ ಇದೊಂದನ್ನು ಸರಿಯಾಗಿ ಮಾಡಿದರೆ ಸಾಕು. ಉಳಿದದ್ದನ್ನೆಲ್ಲ ಆಮೇಲೆ ಸೇರಿಸಿಕೊಳ್ಳಬಹುದು.

ನಾನು ತುಮಕೂರಿನವಳು. ವಾಹನ ಅಪಘಾತದ ಪರಿಹಾರದ ಕೇಸುಗಳನ್ನು ತನಿಖೆ ಮಾಡುವುದು ನನ್ನ ಕೆಲಸವಾಗಿತ್ತು. ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲೂ ಓಡಾಡಿದ್ದೇನೆ. ಶಿರಾ ಕಡೆಯ ಹೆದ್ದಾರಿ 48, ತಿಪಟೂರು ಕಡೆಯ ಹೆದ್ದಾರಿ 73, ಕುಣಿಗಲ್ ಕಡೆಯ ಹೆದ್ದಾರಿ 75, ಇವುಗಳ ಅಕ್ಕಪಕ್ಕದ ಊರುಗಳಲ್ಲೇ ನನ್ನ ಹೆಚ್ಚಿನ ಕೆಲಸ. ಆಮೇಲೆ ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಕಲಿತೆ. ಈಗ ತನಿಖೆ ಮಾಡುವವರಿಗೆ, ವಕೀಲರ ಕಚೇರಿಗಳಿಗೆ ಬೇಕಾದ ಪ್ರೋಗ್ರಾಂ ಬರೆಯುತ್ತೇನೆ. ಈ ಬರಹ ನನ್ನಂಥ ತನಿಖೆಯವರಿಗೆ, ವಕೀಲರ ಗುಮಾಸ್ತರಿಗೆ, ಅವರಿಗಾಗಿ ಪ್ರೋಗ್ರಾಂ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ.

ಒಂದು ಖಾನೆಗೆ ಒಂದೇ ಉತ್ತರ ಬೇಡ

ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಮೊದಲು ಮಾಡುವುದು ಒಂದು ಫಾರಂ. ಅಪಘಾತದ ದಿನಾಂಕ, ಸಮಯ, ಸ್ಥಳ, ವಾಹನ, ಚಾಲಕ. ಒಂದೊಂದಕ್ಕೂ ಒಂದೊಂದು ಖಾನೆ. ನೋಡೋಕೆ ಚೆನ್ನಾಗಿರುತ್ತದೆ. ಆದರೆ ತನಿಖೆ ಅಂದರೇನೇ ಆ ಖಾನೆಯಲ್ಲಿ ಏನು ಬರೆಯಬೇಕು ಅನ್ನುವ ಪ್ರಶ್ನೆ ಅಲ್ವಾ?

ಇಂಥ ಕೇಸು ನಮ್ಮಲ್ಲಿ ತುಂಬಾ ಮಾಮೂಲು. ಎಫ್‌ಐಆರ್‌ನಲ್ಲಿ ಅಪಘಾತ ಸಂಜೆ 7.30ಕ್ಕೆ ಆಯಿತು ಅಂತಿದೆ. ಆಸ್ಪತ್ರೆಯ ಮೆಮೊ ನೋಡಿದರೆ ಗಾಯಾಳು ಬಂದದ್ದು 6.50ಕ್ಕೆ. ಊರಿಗೆ ಹೋಗಿ ವಿಚಾರಿಸಿದರೆ ಅಜ್ಜಿಯೊಬ್ಬರು, "ಡೈರಿಗೆ ಹಾಲು ಹಾಕಿ ಬರೋ ಹೊತ್ನಾಗೆ ಕಣವ್ವಾ" ಅನ್ನುತ್ತಾರೆ. ಈ ಮೂರರಲ್ಲಿ ಯಾವುದನ್ನು ಖಾನೆಗೆ ತುಂಬುತ್ತೀರಿ? ಒಂದನ್ನು ತುಂಬಿದ ಕೂಡಲೇ ಉಳಿದ ಎರಡು ಕಣ್ಮರೆಯಾಗುತ್ತವೆ.

ಹಾಗಾಗಿ "ಸಮಯ" ಅನ್ನುವ ಖಾನೆಯನ್ನೇ ಪ್ರಕರಣದ ಟೇಬಲ್‌ನಿಂದ ತೆಗೆದುಬಿಡಿ. ಅದರ ಬದಲು "ಮಾಹಿತಿ" ಅಂತ ಒಂದು ಟೇಬಲ್ ಮಾಡಿ. ಅದರ ಒಂದೊಂದು ಸಾಲಿನಲ್ಲೂ ಇಷ್ಟು ಇರಲಿ: ಯಾವ ಪ್ರಕರಣ, ಯಾವ ವಿಷಯ, ಏನು ಹೇಳಿದೆ, ಯಾರು ಹೇಳಿದರು ಅಥವಾ ಯಾವ ದಾಖಲೆಯ ಎಷ್ಟನೇ ಪುಟ, ನಿಮಗೆ ಯಾವತ್ತು ಸಿಕ್ಕಿತು, ಅದು ಕಂಡದ್ದೋ, ಕೇಳಿದ್ದೋ, ನಿಮ್ಮ ಅಂದಾಜೋ. ಒಂದೇ ವಿಷಯಕ್ಕೆ ಎಷ್ಟು ಸಾಲು ಬೇಕಾದರೂ ಇರಬಹುದು. ಪರದೆಯ ಮೇಲೆ ಮೂರನ್ನೂ ಅಕ್ಕಪಕ್ಕ ತೋರಿಸಿ. ಹೊಂದಿಕೆ ಇಲ್ಲದ ಕಡೆ ಒಂದು ಗುರುತು ಹಾಕಿ. ಅಲ್ಲಿಗೆ ಪ್ರೋಗ್ರಾಂ ಕೆಲಸ ಮುಗಿಯಿತು. ತೀರ್ಮಾನ ಮಾಡಬೇಕಾದದ್ದು ಮನುಷ್ಯರು.

ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಇಡಿ. "ಸಂಜೆ ಸುಮಾರು 6.30" ಅಂತ ತಿದ್ದಿ ಹಾಕಬೇಡಿ. ಅದಕ್ಕೆ ಬೇರೆ ಎರಡು ಖಾನೆ ಕೊಡಿ: ಯಾವಾಗಿನಿಂದ, ಯಾವಾಗಿನವರೆಗೆ. ನೀವು ಊಹಿಸಿದ ಹೊತ್ತು ಅಲ್ಲಿಗೆ ಹೋಗಲಿ. ಹೀಗೆ ಇಟ್ಟರೆ ಇನ್ನೊಂದು ಲಾಭವಿದೆ. ಎಷ್ಟೋ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದ ಮೇಲೆ ಚೀಟಿ ಬರುತ್ತದೆ, ಅದರಲ್ಲಿ ಸಮಯ ಇದ್ದರೂ ಇರಬಹುದು. ಮಾತು ಹಾಗೇ ಉಳಿದಿದ್ದರೆ ತಾನೇ ಆ ಚೀಟಿ ಹುಡುಕಬೇಕು ಅಂತ ಹೊಳೆಯುವುದು! "6.30" ಅಂತ ಬರೆದಿಟ್ಟಿದ್ದರೆ ಡೈರಿಯ ನೆನಪೇ ಬರುತ್ತಿರಲಿಲ್ಲ. ಹೆಂಗಸಾಗಿ ಈ ಕೆಲಸ ಮಾಡಿದ್ದರಿಂದ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಮಾತಾಡಿದ್ದೇ ಜಾಸ್ತಿ. ಅಲ್ಲಿ ಯಾರೂ ಗಡಿಯಾರದ ಲೆಕ್ಕದಲ್ಲಿ ಹೇಳುವುದಿಲ್ಲ. ದನ ಬಂದ ಹೊತ್ತು, ಕೊನೇ ಬಸ್ಸು ಹೋದ ಹೊತ್ತು, ನಲ್ಲಿ ನೀರು ಬಿಟ್ಟ ಹೊತ್ತು ಅನ್ನುತ್ತಾರೆ. ಇವೆಲ್ಲ ಪರೀಕ್ಷೆ ಮಾಡಿ ನೋಡಬಹುದಾದ ಸಮಯಗಳು.

ಹೊಂದಿಕೆ ಇಲ್ಲದ ಕಡೆ ಹಾಕುವ ಗುರುತಿಗೆ "ಸುಳ್ಳು", "ಅನುಮಾನ" ಅಂತ ಹೆಸರು ಕೊಡಬೇಡಿ. ಕೆಂಪು ಬಣ್ಣವೂ ಬೇಡ. ದೂರು ಕೊಟ್ಟವರು ಗಾಯಾಳುವಿನ ಬಾಮೈದನೋ ಚಿಕ್ಕಪ್ಪನೋ ಆಗಿರುತ್ತಾರೆ. ಎರಡು ದಿನ ಆಸ್ಪತ್ರೆಯಲ್ಲಿ ಓಡಾಡಿ, ಮೂರನೇ ದಿನ ಠಾಣೆಗೆ ಹೋಗಿ, ಯಾರೋ ಹೇಳಿದ ಸಮಯ ಬರೆಸಿರುತ್ತಾರೆ. ವಾಹನವನ್ನೋ ಚಾಲಕನನ್ನೋ ಆಮೇಲೆ ಬದಲಾಯಿಸಿ ಸೇರಿಸುವ ಕೇಸುಗಳೂ ಇವೆ, ನಿಜ. ಅಂಥದ್ದನ್ನು ಹಿಡಿಯಲೇಬೇಕು. ಆದರೆ ಮನೆಗೆ ದುಡಿದು ಹಾಕುತ್ತಿದ್ದ ಜೀವ ಹೋಗಿ ಪರಿಹಾರಕ್ಕೆ ಕಾಯುತ್ತಿರುವ ಕುಟುಂಬದ ಫೈಲಿನ ಮೇಲೆ, ಪ್ರೋಗ್ರಾಂ ತಾನಾಗಿ ಹಾಕಿದ ಒಂದು ಕೆಟ್ಟ ಹೆಸರು ಕೂತುಬಿಟ್ಟರೆ ಆಮೇಲೆ ನೋಡುವವರೆಲ್ಲ ಅದನ್ನೇ ನೋಡುತ್ತಾರೆ. ನಾನು ಬಳಸುವ ಮಾತು "ಹೊಂದಿಸಿ ನೋಡಬೇಕು". ಅಷ್ಟು ಸಾಕು.

ಜನ, ಊರು, ನಂಬರು

ವ್ಯಕ್ತಿಯ ಟೇಬಲ್ ಬೇರೆ, ಪ್ರಕರಣದ ಟೇಬಲ್ ಬೇರೆ ಇರಲಿ. ಇವೆರಡನ್ನೂ ಜೋಡಿಸುವ ಮೂರನೇ ಟೇಬಲ್‌ನಲ್ಲಿ ಪಾತ್ರ ಬರೆಯಿರಿ: ಪಿರ್ಯಾದಿ, ಗಾಯಾಳು, ಚಾಲಕ, ಮಾಲೀಕ, ಸಾಕ್ಷಿ, ಪಂಚ (ಮಹಜರಿಗೆ ಸಹಿ ಹಾಕುವವರು). ಒಬ್ಬರೇ ಒಂದು ಕೇಸಿನಲ್ಲಿ ಸಾಕ್ಷಿ, ಇನ್ನೊಂದರಲ್ಲಿ ಪಂಚರಾಗಿ ಬರಬಹುದು. ಅದು ಹೀಗೆ ಜೋಡಿಸಿದರೆ ಮಾತ್ರ ಕಾಣುತ್ತದೆ.

ಹೆಸರಿಗೆ ಮೊದಲ ಹೆಸರು, ಕೊನೆ ಹೆಸರು ಅಂತ ಎರಡು ಖಾನೆ ಮಾಡಬೇಡಿ. ಅದು ನಮ್ಮ ಜನಕ್ಕೆ ಹೊಂದುವುದಿಲ್ಲ. ಠಾಣೆಯ ಕಾಗದದಲ್ಲಿ ಇರುವಂತೆ ಹೆಸರು, ಬಿನ್ ಅಥವಾ ಕೋಂ, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು ಅಂತ ಇಡಿ. ಕರೆಯುವ ಹೆಸರಿಗೆ ಒಂದು ಖಾನೆ ಬೇಕೇ ಬೇಕು. ಹಳ್ಳಿಯಲ್ಲಿ ಆಧಾರ್‌ನಲ್ಲಿರುವ ಹೆಸರು ಹೇಳಿದರೆ ಮನೆ ತೋರಿಸುವವರು ಕಡಿಮೆ.

ಒಂದೇ ಹೆಸರಿನ ಇಬ್ಬರು ಕಂಡರೆ ಪ್ರೋಗ್ರಾಂ ಅವರನ್ನು ತಾನಾಗಿ ಒಂದು ಮಾಡಬಾರದು. "ಬಹುಶಃ ಒಬ್ಬರೇ" ಅಂತ ಕೊಂಡಿ ಹಾಕಿ, ಯಾಕೆ ಅಂತ ಕಾರಣ ಬರೆಯಲು ಜಾಗ ಕೊಡಿ. ಕೊಂಡಿಯನ್ನು ಬಿಚ್ಚುವ ಹಾಗಿರಲಿ.

ಊರಿಗೆ ಹೆಸರೊಂದೇ ಸಾಲದು. ಹೊಸಹಳ್ಳಿ, ಗೊಲ್ಲರಹಟ್ಟಿ ಎಷ್ಟಿಲ್ಲ ಹೇಳಿ? ಹೋಬಳಿ, ತಾಲ್ಲೂಕು ಸೇರಿಸಿಯೇ ಊರು. ಅಪಘಾತ ಆದ ಜಾಗ ಬೇರೆ, ಕೇಸು ದಾಖಲಾದ ಠಾಣೆ ಬೇರೆ, ಚಿಕಿತ್ಸೆ ಆದ ಆಸ್ಪತ್ರೆ ಬೇರೆ, ಇವು ಮೂರಕ್ಕೂ ಬೇರೆ ಬೇರೆ ಖಾನೆ ಇರಲಿ. ಪಾವಗಡದ ಕೇಸು ಮಾಡಿದವರಿಗೆ ಇದು ಗೊತ್ತು. ಅಲ್ಲಿ ಆಂಧ್ರದ ಗಡಿ ಸುತ್ತಿಕೊಂಡಿದೆ. ಗಡಿಯಾಚೆ ಬಿದ್ದವರು ಈಚೆಯ ಆಸ್ಪತ್ರೆಗೆ ಬರುತ್ತಾರೆ. ಕಾಗದ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು ಇರುತ್ತದೆ.

ಠಾಣೆಯ ಅಪರಾಧ ಸಂಖ್ಯೆ ಪ್ರತಿ ಜನವರಿಯಲ್ಲಿ ಮತ್ತೆ ಒಂದರಿಂದ ಶುರು. ಆದ್ದರಿಂದ ಠಾಣೆ, ಸಂಖ್ಯೆ, ವರ್ಷ ಮೂರೂ ಸೇರಿದರೆ ಮಾತ್ರ ಅದು ಒಂದು ಕೇಸಿನ ಗುರುತು. ಕೋರ್ಟಿನ ಕಡೆ ಪರಿಹಾರದ ಅರ್ಜಿಯ ಎಂವಿಸಿ ನಂಬರು ಬೇರೆ, ಕ್ರಿಮಿನಲ್ ಕೇಸಿನ ಸಿಸಿ ನಂಬರು ಬೇರೆ. ಇ-ಕೋರ್ಟ್ಸ್‌ನ ಸಿಎನ್‌ಆರ್ ನಂಬರಿಗೆ, ಅಂದರೆ ಕೋರ್ಟುಗಳ ಆನ್‌ಲೈನ್ ವ್ಯವಸ್ಥೆ ಪ್ರತಿ ಕೇಸಿಗೂ ಕೊಡುವ ಗುರುತಿಗೆ, 16 ಅಕ್ಷರ ಇರುತ್ತವೆ. ಅದಕ್ಕೆ ಉದ್ದ ಪರೀಕ್ಷಿಸುವ ಒಂದು ಸಾಲಿನ ಕೋಡ್ ಬರೆದುಬಿಟ್ಟರೆ ಒಂದಂಕಿ ಬಿಟ್ಟುಹೋದಾಗ ಅಲ್ಲೇ ಗೊತ್ತಾಗುತ್ತದೆ. ವಾಹನದ ನಂಬರಿನಲ್ಲಿ ಖಾಲಿ ಜಾಗ, ಅಡ್ಡಗೆರೆ ತೆಗೆದು ಒಂದು ರೂಪ, ಕಾಗದದಲ್ಲಿ ಇದ್ದ ಹಾಗೆ ಒಂದು ರೂಪ, ಎರಡನ್ನೂ ಇಡಿ. ತುಮಕೂರಿನ ಕೆಎ 06, ತಿಪಟೂರಿನ ಕೆಎ 44, ಮಧುಗಿರಿಯ ಕೆಎ 64, ಈ ಮೂರೂ ಒಂದೇ ಜಿಲ್ಲೆಯವು. ಎಫ್‌ಐಆರ್‌ನಲ್ಲಿ ಒಂದು, ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಇನ್ನೊಂದು ಇದ್ದರೆ ಅದು ಬೆರಳಚ್ಚಿನ ತಪ್ಪೋ, ವಾಹನವೇ ಬೇರೆಯೋ ಅಂತ ನೋಡಬೇಕಲ್ಲ. ಮೂಲ ರೂಪ ಇಲ್ಲದಿದ್ದರೆ ನೋಡುವುದು ಹೇಗೆ?

ಕನ್ನಡ ಹುಡುಕಾಟ

ಇಲ್ಲಿ ನಿಧಾನವಾಗಿ ಕೆಲಸ ಮಾಡಿ. ಬೆಂಗಳೂರಿನ ಕಂಪನಿಗಳ ದುಬಾರಿ ಸಾಫ್ಟ್‌ವೇರ್‌ಗಳಲ್ಲೂ ನಾನು ಈ ಭಾಗ ಸರಿಯಾಗಿ ಇದ್ದದ್ದು ನೋಡಿದ್ದು ಕಡಿಮೆ.

ಯೂನಿಕೋಡ್ ಅಂದರೆ ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಇರುವ ಸಂಕೇತಗಳ ಪಟ್ಟಿ. ಅದರಲ್ಲಿ ಕೆಲವು ಕನ್ನಡ ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವ ಸೇರಿಸಿ ಎರಡು ಸಂಕೇತವಾಗಿಯೂ ಇಡಬಹುದು. ದೀರ್ಘ ಈತ್ವ, ಏತ್ವ, ಓತ್ವಗಳಿಗೂ ಹೀಗೇ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. "ಕೊರಟಗೆರೆ" ಅಂತ ಹುಡುಕಿದರೆ ಅರ್ಧ ಕೇಸು ಸಿಗುವುದಿಲ್ಲ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅನ್ನುವ ಕೆಲಸವಿದೆ. ಒಳಗೆ ಬರುವ ಪ್ರತಿ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಎರಡು ರೀತಿಯನ್ನೂ ಒಂದೇ ಮಾಡುವ ರೂಪ) ತಂದು ಉಳಿಸಿ, ಹುಡುಕುವ ಪದವನ್ನೂ ಅದೇ ರೂಪಕ್ಕೆ ತನ್ನಿ. "ಎಫ್‌ಐಆರ್" ಅಂತ ಬರೆಯುವಾಗ ಫ್ ಮತ್ತು ಐ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಹುಡುಕಾಟದ ಪ್ರತಿಯಿಂದ ಅದನ್ನು ತೆಗೆಯಿರಿ, ಮೂಲದಲ್ಲಿ ಬಿಡಿ.

ಆಮೇಲೆ ಹೆಸರುಗಳು. ಮಂಜುನಾಥ, ಮಂಜುನಾಥ್, ಮಂಜುನಾತ ಮೂರೂ ಒಬ್ಬರದ್ದೇ ಕಾಗದದಲ್ಲಿ ಇರುತ್ತವೆ. ಪ್ರತಿ ಹೆಸರಿಗೂ ಹುಡುಕಾಟಕ್ಕೆ ಮಾತ್ರ ಬಳಸುವ ಒಂದು ಸರಳ ರೂಪ ಮಾಡಿಟ್ಟುಕೊಳ್ಳಿ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ಶ ಷ ಸ ಮೂರನ್ನೂ ಒಂದು ಮಾಡಿ, ದೀರ್ಘವನ್ನು ಹ್ರಸ್ವ ಮಾಡಿ, ಕೊನೆಯ ಅರ್ಧಾಕ್ಷರವನ್ನು ಪೂರ್ತಿ ಮಾಡಿ. ಫಲಿತಾಂಶದಲ್ಲಿ ಬೇಡದ ಹೆಸರೂ ಬರುತ್ತವೆ, ಬರಲಿ. ಬೇಕಾದ ಹೆಸರು ತಪ್ಪಿಹೋಗುವುದಕ್ಕಿಂತ ಅದೇ ವಾಸಿ.

ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ತೋರಿಸುವಾಗ ಇನ್ನೊಂದು ಗಮನಿಸಿ. ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಭಾಷೆಗಳ ಅಕ್ಷರ ಕ್ರಮ ತಿಳಿದಿರುವ ಐಸಿಯು ಎಂಬ ಕೋಡ್ ಲೈಬ್ರರಿ ಬಳಸಿದರೆ ಕ್ರಮ ಸರಿಯಾಗುತ್ತದೆ.

"ನುಡಿ", "ಬರಹ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಈಗಲೂ ಬರುತ್ತವೆ. ಕಾಪಿ ಮಾಡಿ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಪಠ್ಯ ಹುಡುಕಾಟಕ್ಕೆ, ಮೂಲ ಫೈಲು ಸಾಕ್ಷ್ಯಕ್ಕೆ. ಸ್ಕ್ಯಾನ್ ಆದ ಕಾಗದಕ್ಕೂ ಇದೇ ನಿಯಮ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಂ ಅಚ್ಚಿನ ಕನ್ನಡವನ್ನು ಓದುತ್ತದೆ. ಕೈಬರಹದ ಮಹಜರನ್ನು ನೀವೇ ಓದಿ ಟೈಪ್ ಮಾಡಬೇಕು.

ಕಾನೂನಿಗೂ ದಿನಾಂಕ ಇರಲಿ

2024ರ ಜುಲೈ 1ಕ್ಕೆ ಐಪಿಸಿಯ (ಭಾರತೀಯ ದಂಡ ಸಂಹಿತೆ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅಡ್ಡಾದಿಡ್ಡಿ ಚಾಲನೆಗೆ ಐಪಿಸಿಯ 279 ಇದ್ದದ್ದು 281 ಆಯಿತು. ನಿರ್ಲಕ್ಷ್ಯದಿಂದ ಆದ ಸಾವಿಗೆ 304(ಎ) ಇದ್ದದ್ದು 106(1) ಆಯಿತು. ಗಾಯದ 337, 338 ಹೋಗಿ 125(ಎ), 125(ಬಿ) ಬಂದವು. ಅದಕ್ಕೆ ಮೊದಲು ನಡೆದ ಅಪಘಾತಕ್ಕೆ ಹಳೇ ಕಲಮುಗಳೇ. ಕಾಯ್ದೆಯ ಹೆಸರು, ಕಲಂ, ಯಾವಾಗಿನಿಂದ ಯಾವಾಗಿನವರೆಗೆ ಅಂತ ಒಂದು ಟೇಬಲ್ ಮಾಡಿದರೆ ಎರಡೂ ಕಾಲದ ಕೇಸುಗಳು ಒಂದೇ ಕಡೆ ಗೊಂದಲವಿಲ್ಲದೆ ಇರುತ್ತವೆ.

ಗಡುವುಗಳೂ ಹಾಗೇ. 2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯಲ್ಲಿ, ಮಧ್ಯಂತರ ವರದಿಯನ್ನು 50 ದಿನದಲ್ಲಿ, ವಿವರವಾದ ವರದಿಯನ್ನು 90 ದಿನದಲ್ಲಿ ಕೊಡಬೇಕು. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಬಂದದ್ದೂ ಆ ದಿನದಿಂದಲೇ. 1994ರಲ್ಲಿ ಗಡುವನ್ನು ತೆಗೆದುಹಾಕಿದ್ದರು, ಮತ್ತೆ ತಂದರು. ಈ ಅಂಕಿಗಳನ್ನು ಕೋಡ್ ಒಳಗೆ ಬರೆಯಬೇಡಿ, ಟೇಬಲ್‌ನಲ್ಲಿ ಇಡಿ. ಆರು ತಿಂಗಳು ದಾಟಿದ ಕೇಸಿಗೆ ಪ್ರೋಗ್ರಾಂ "ಅವಧಿ ಮುಗಿದಿದೆ" ಅಂತ ಹೇಳಬಾರದು. "ವಕೀಲರನ್ನು ಕೇಳಿ" ಅಂತ ಹೇಳಬೇಕು. ಕೋರ್ಟುಗಳ ಆದೇಶದಿಂದ ದಾರಿ ತೆರೆದಿರಬಹುದು. ಸಾಫ್ಟ್‌ವೇರ್ ಮಾತು ನಂಬಿ ಒಂದು ಕುಟುಂಬ ಅರ್ಜಿಯನ್ನೇ ಹಾಕದೆ ಕೂತರೆ ಅದಕ್ಕಿಂತ ಅನ್ಯಾಯ ಇಲ್ಲ.

ವಿಮೆಯ ಪಾಲಿಸಿಗೆ ದಿನಾಂಕದ ಜೊತೆ ಗಂಟೆ, ನಿಮಿಷವೂ ಬೇಕು. ಅಪಘಾತದ ದಿನವೇ ಶುರುವಾದ ಪಾಲಿಸಿಯಲ್ಲಿ ಎಲ್ಲವೂ ಅದರ ಮೇಲೆ ನಿಂತಿರುತ್ತದೆ.

ಫೋಟೊ, ವಿಡಿಯೊ

ಸಿಸಿಟಿವಿ ಸಿಕ್ಕರೆ ಪುಣ್ಯ. ಆದರೆ ಅದನ್ನು ರೆಕಾರ್ಡ್ ಮಾಡುವ ಪೆಟ್ಟಿಗೆಯ, ಅಂದರೆ ಡಿವಿಆರ್ ಗಡಿಯಾರ ಸರಿ ಇರುತ್ತದೆ ಅಂತ ನಂಬಬೇಡಿ. ಕಾಪಿ ಮಾಡುವಾಗ ಡಿವಿಆರ್ ಪರದೆಯನ್ನೂ ನಿಮ್ಮ ಮೊಬೈಲಿನ ಸಮಯವನ್ನೂ ಒಟ್ಟಿಗೆ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ದಾಖಲೆಯ ಟೇಬಲ್‌ನಲ್ಲಿ "ಗಡಿಯಾರದ ವ್ಯತ್ಯಾಸ" ಅಂತ ಒಂದು ಖಾನೆ ಇರಲಿ. ಪೆಟ್ರೋಲ್ ಬಂಕ್, ಹೋಟೆಲಿನ ಡಿವಿಆರ್‌ಗಳು ಹಳೇದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ. ಆದ್ದರಿಂದ ಹೊಸ ಪ್ರಕರಣ ತೆರೆದ ಕೂಡಲೇ ಮೊದಲ ಕೆಲಸವಾಗಿ "ಸಿಸಿಟಿವಿ ಕೇಳಿ" ಅಂತ ಬರಬೇಕು, ಉಳಿದ ಕಾಗದಗಳೆಲ್ಲ ಆಮೇಲೆ.

ವಾಟ್ಸಾಪ್‌ನಲ್ಲಿ ಫೋಟೊ ಸುಮ್ನೆ ಕಳಿಸಿದರೆ ತೆಗೆದ ಜಾಗ, ಸಮಯದ ವಿವರ ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

ಫೈಲು ಸಿಕ್ಕ ತಕ್ಷಣ ಅದರ ಹ್ಯಾಶ್ ತೆಗೆಯಿರಿ. ಪೈಥಾನ್‌ನ ಹ್ಯಾಶ್‌ಲಿಬ್ ಬಳಸಿ ಎಸ್‌ಎಚ್‌ಎ 256 ತೆಗೆದರೆ 64 ಅಕ್ಷರದ ಒಂದು ಗುರುತು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಗುರುತು ಬದಲಾಗುತ್ತದೆ. ಇದು ಈಗ ಬರೀ ಒಳ್ಳೆಯ ಅಭ್ಯಾಸವಾಗಿ ಉಳಿದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗವಿದೆ. ಯಾವ ಸಾಧನ, ಯಾವ ಮಾಡೆಲ್, ಸೀರಿಯಲ್ ನಂಬರ್ ಅಥವಾ ಐಎಂಇಐ ಏನು ಅಂತ ಕೇಳುತ್ತದೆ. ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65(ಬಿ) ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಬಂಕಿನವರ ಡಿವಿಆರ್ ವಿವರವನ್ನು ಅವತ್ತೇ ಬರೆದುಕೊಂಡರೆ ಎರಡು ವರ್ಷದ ಮೇಲೆ ಹೋಗಿ ಕೇಳುವ ಪಾಡು ತಪ್ಪುತ್ತದೆ. ಅಷ್ಟು ಹೊತ್ತಿಗೆ ಬಂಕಿನ ಮಾಲೀಕರೇ ಬದಲಾಗಿರುತ್ತಾರೆ. ಮೂಲ ಫೈಲನ್ನು ಬರೀ ಓದಲು ಆಗುವಂತೆ ಒಂದು ಕಡೆ ಇಡಿ. ಕತ್ತರಿಸುವುದು, ದೊಡ್ಡದು ಮಾಡುವುದು ಎಲ್ಲ ಪ್ರತಿಯ ಮೇಲೆ.

ಯಾವುದರಲ್ಲಿ ಬರೆಯಬೇಕು

ಪೈಥಾನ್, ಅದರಲ್ಲಿ ವೆಬ್ ಪುಟ ಮಾಡಲು ಜ್ಯಾಂಗೋ, ಮಾಹಿತಿ ಉಳಿಸಲು ಎಸ್‌ಕ್ಯೂಲೈಟ್ ಡೇಟಾಬೇಸ್. ಒಬ್ಬರಿಗೆ ಅಥವಾ ಸಣ್ಣ ಕಚೇರಿಗೆ ಇದು ಸಾಕು. ಜ್ಯಾಂಗೋ ಜೊತೆಗೇ ಬರುವ ಅಡ್ಮಿನ್ ಪುಟಗಳಲ್ಲಿ ತುಂಬುವ ಫಾರಂ ಸಿದ್ಧವಾಗಿಯೇ ಸಿಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಬಗೆಯ ಖಾನೆ ಇಲ್ಲ. ಜ್ಯಾಂಗೋ ಇಲ್ಲದೆ ನೇರವಾಗಿ ಬರೆಯುವವರು 2024-07-01 ಅನ್ನುವ ಹಾಗೆ ವರ್ಷ ಮೊದಲು ಇಟ್ಟು ಉಳಿಸಿ, ಆಗ ಕ್ರಮ ತಪ್ಪುವುದಿಲ್ಲ. ಟೇಬಲ್‌ಗಳ ನಡುವಿನ ಫಾರಿನ್ ಕೀ ಪರೀಕ್ಷೆ (ಜೋಡಿಸಿದ ಸಾಲು ನಿಜವಾಗಿ ಇದೆಯಾ ಅಂತ ನೋಡುವುದು) ಅದರಲ್ಲಿ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಹಾಗೆ ನೇರವಾಗಿ ಬರೆಯುವವರು ಪ್ರತಿ ಸಲ ಸಂಪರ್ಕ ತೆರೆದಾಗಲೂ ಆನ್ ಮಾಡಬೇಕು.

"ಮಾಹಿತಿ" ಟೇಬಲ್‌ಗೆ ಒಂದು ಟ್ರಿಗರ್, ಅಂದರೆ ಡೇಟಾಬೇಸ್ ತಾನಾಗಿ ಓಡಿಸುವ ನಿಯಮ, ಹಾಕಿ. ಯಾರಾದರೂ ಸಾಲನ್ನು ತಿದ್ದಲು, ಅಳಿಸಲು ಹೋದರೆ ಅದು ತಡೆಯಬೇಕು. ತಪ್ಪಿದ್ದರೆ ಹೊಸ ಸಾಲು ಸೇರಿಸಿ, "ಇಂಥ ಸಾಲಿನ ಬದಲು ಇದು" ಅಂತ ಜೋಡಿಸಬೇಕು. ಕೇಸ್ ಡೈರಿಯಲ್ಲಿ ಹಾಳೆ ಹರಿಯಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೋಗ್ರಾಂಗೆ ಮಾತ್ರ ಹೇಳಿಕೊಡಬೇಕು. ಪಾಟಿ ಸವಾಲಿನಲ್ಲಿ "ಈ ಸಮಯ ನೀವು ಆಮೇಲೆ ಸೇರಿಸಿದ್ದಲ್ಲವೇ?" ಅಂತ ಕೇಳಿದಾಗ, ಯಾವ ದಿನ ಎಷ್ಟು ಗಂಟೆಗೆ ಸೇರಿಸಿದ್ದು ಅಂತ ತೋರಿಸಲು ನಿಮ್ಮ ಬಳಿ ಇರಬೇಕು.

ಮೊಬೈಲ್ ಆ್ಯಪ್ ಶುರುವಿನಲ್ಲಿ ಬೇಡ. ಹಳ್ಳಿಯಲ್ಲಿ ಸಿಗ್ನಲ್ ಇರುವುದಿಲ್ಲ. ಎರಡು ಕಡೆಯ ಮಾಹಿತಿ ಹೊಂದಿಸುವ ಕೋಡ್ ಬರೆಯುವುದು ಕಷ್ಟದ ಕೆಲಸ. ಅದೂ ಅಲ್ಲದೆ, ದುಃಖದಲ್ಲಿ ಇರುವವರ ಮುಂದೆ ಫೋನ್ ನೋಡುತ್ತಾ ಟೈಪ್ ಮಾಡಿದರೆ ಅವರು ಮಾತು ನಿಲ್ಲಿಸುತ್ತಾರೆ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆ ಹಾಳೆಯ ಫೋಟೊವನ್ನೂ ದಾಖಲೆಯಾಗಿ ಸೇರಿಸಿ. ಅವತ್ತೇ ರಾತ್ರಿ ಸಾಲುಗಳನ್ನು ತುಂಬಿ.

ಬ್ಯಾಕಪ್‌ಗೆ ಡೇಟಾಬೇಸ್ ಫೈಲನ್ನು ಪ್ರೋಗ್ರಾಂ ಓಡುತ್ತಿರುವಾಗ ಎಳೆದು ಪೆನ್‌ಡ್ರೈವ್‌ಗೆ ಹಾಕಬೇಡಿ. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆಜ್ಞೆ ಬಳಸಿ. ಒಂದು ಪ್ರತಿ ಮನೆಯ ಹೊರಗೆ ಇರಲಿ. ಲ್ಯಾಪ್‌ಟಾಪ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿ. ಅದರಲ್ಲಿ ಜನರ ಗಾಯದ ಫೋಟೊ, ಆಸ್ಪತ್ರೆಯ ಕಾಗದ ಇವೆ.

ಕೇಸು ಮುಚ್ಚುವುದು

ನ್ಯಾಯಮಂಡಳಿಯ ತೀರ್ಪು ಬಂದ ದಿನ ಪ್ರಕರಣವನ್ನು ಮುಚ್ಚಬೇಡಿ. ಮೋಟಾರು ವಾಹನ ಕಾಯ್ದೆಯ 173ನೇ ಕಲಂ ಪ್ರಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ ಇದೆ. ತಡವಾದರೂ ಕಾರಣ ಸರಿಯಿದ್ದರೆ ಕೋರ್ಟು ತೆಗೆದುಕೊಳ್ಳಬಹುದು. ಹಾಗಾಗಿ "ತೀರ್ಪಾಗಿದೆ", "ಮೇಲ್ಮನವಿಯಲ್ಲಿದೆ", "ಹಣ ಸಂದಾಯವಾಗಿದೆ" ಅಂತ ಬೇರೆ ಬೇರೆ ಹಂತ ಇರಲಿ. ಕೊನೆಯ ಹಂತದ ದಿನಾಂಕ ತುಂಬದೆ ಮುಚ್ಚಲು ಬಿಡಬೇಡಿ. ನಾನು ಕೆಲಸ ಮಾಡಿದ್ದು ವಿಮೆಯ ಕಡೆಯಿಂದ. ಆದರೂ ಹಣ ಆ ಮನೆಗೆ ಹೋಗಿ ಸೇರಿತಾ ಅನ್ನುವ ಖಾನೆ ಪ್ರತಿ ಕೇಸಿನಲ್ಲೂ ಇರಬೇಕು ಅಂತಲೇ ನಾನು ಹೇಳುವುದು.

ಎಲ್ಲ ಮುಗಿದ ಮೇಲೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಅಳಿಸಿ. ಅವು ನಿಮ್ಮ ಬಳಿ ಇರಬೇಕಾದ ಕಾರಣ ಮುಗಿದಿದೆ. ಬ್ಯಾಕಪ್ ಪ್ರತಿಗಳಲ್ಲೂ ಅವು ಉಳಿಯದಂತೆ ನೋಡಿಕೊಳ್ಳಿ. ಫೈಲು ಹೋದರೂ ಅದರ ಹ್ಯಾಶ್, ಯಾವ ದಾಖಲೆ ಅನ್ನುವ ಹೆಸರು, ಅಳಿಸಿದ ದಿನ, ಅಳಿಸಿದವರ ಹೆಸರು ದಾಖಲೆಯ ಟೇಬಲ್‌ನಲ್ಲಿ ಉಳಿಯಬೇಕು.